ಬಣ್ಣದ ಬಾನಿಯಿಂದ ಮಕ್ಕಳ ಪುಸ್ತಕಕ್ಕೆ: ಫಾಬ್ರೆಯ ಎರಡನೆಯ ವೃತ್ತಿ

ಕೀಟಗಳ ಬದುಕಿನ ಬಗ್ಗೆ ಒಂದಿಷ್ಟು ಓದಿದವರಿಗೆ ಝಾಂ ಆನ್ರಿ ಫಾಬ್ರೆಯ ಹೆಸರು ಹೊಸದಲ್ಲ. ಸಗಣಿಯ ಉಂಡೆ ಉರುಳಿಸುವ ದುಂಬಿ, ಬೇಟೆಯಾಡುವ ಕಣಜ, ಸಾಲುಗಟ್ಟಿ ನಡೆಯುವ ಕಂಬಳಿಹುಳು, ಇವನ್ನೆಲ್ಲ ಬಿಸಿಲಿನಲ್ಲಿ ಗಂಟೆಗಟ್ಟಲೆ ಕುಳಿತು ನೋಡಿ, ನೋಡಿದ್ದನ್ನು ಹತ್ತು ಸಂಪುಟಗಳಲ್ಲಿ ಬರೆದಿಟ್ಟ ಫ್ರಾನ್ಸಿನ ವಿಜ್ಞಾನಿ ಆತ. ಆ ಹತ್ತರಲ್ಲಿ ಮೊದಲನೆಯದು ಪ್ರಕಟವಾದದ್ದು 1879ರಲ್ಲಿ. ಆಗ ಆತನ ವಯಸ್ಸು 55. ಅದಕ್ಕೂ ಮೊದಲಿನ ಎಂಟು ಒಂಬತ್ತು ವರ್ಷ ಆತ ಏನು ಮಾಡುತ್ತಿದ್ದ ಗೊತ್ತೆ?

ಮಕ್ಕಳಿಗಾಗಿ ಪುಸ್ತಕ ಬರೆಯುತ್ತಿದ್ದ. ಅದೂ ಹವ್ಯಾಸಕ್ಕಾಗಿ ಅಲ್ಲ, ಹೊಟ್ಟೆಪಾಡಿಗಾಗಿ. 47ನೆಯ ವಯಸ್ಸಿನಲ್ಲಿ ಕೆಲಸ ಹೋಗಿತ್ತು, ಮನೆ ಹೋಗಿತ್ತು, ಹತ್ತು ವರ್ಷ ದುಡಿದ ಸಂಶೋಧನೆಯೂ ನಿಷ್ಪ್ರಯೋಜಕವಾಗಿತ್ತು. ಆಗ ಆತನನ್ನು ಉಳಿಸಿದ್ದು ಆ ಪುಟ್ಟ ಪುಸ್ತಕಗಳು. ವಿಜ್ಞಾನದ ಚರಿತ್ರೆಕಾರರು ಈ ಅವಧಿಯನ್ನು ಎರಡು ಸಾಲಿನಲ್ಲಿ ಮುಗಿಸಿಬಿಡುವುದುಂಟು. ಆದರೆ ಪಾಠ ಹೇಳುವವರಿಗೂ ಪಾಠ ಕಲಿಯುವವರಿಗೂ ಫಾಬ್ರೆಯ ಬದುಕಿನಲ್ಲಿ ಹೆಚ್ಚು ಉಪಯುಕ್ತವಾದ ಭಾಗ ಇದೇ ಇರಬಹುದು. ಹೇಗೆಂದು ನೋಡೋಣ.

ಶಿಷ್ಯರಿಂದ ಕಲಿತ ಮೇಷ್ಟರು

ಫಾಬ್ರೆ ಹುಟ್ಟಿದ್ದು 1823ರ ಡಿಸೆಂಬರಿನಲ್ಲಿ, ದಕ್ಷಿಣ ಫ್ರಾನ್ಸಿನ ಸೇಂಟ್ ಲಿಯಾನ್ಸ್ ಎಂಬ ಹಳ್ಳಿಯಲ್ಲಿ. ಬಡ ರೈತ ಕುಟುಂಬ. ಸ್ಪರ್ಧಾ ಪರೀಕ್ಷೆಯಲ್ಲಿ ಗೆದ್ದು ಆವಿನ್ಯೋನ್ ನಗರದ ಶಿಕ್ಷಕರ ತರಬೇತಿ ಶಾಲೆ ಸೇರಿದ. 1842ರಲ್ಲಿ, ಇನ್ನೂ ಹತ್ತೊಂಬತ್ತು ತುಂಬುವ ಮೊದಲೇ, ಕಾರ್ಪೆಂತ್ರಾ ಎಂಬ ಊರಿನಲ್ಲಿ ಮೇಷ್ಟರಾದ. ಗಣಿತ, ಭೌತಶಾಸ್ತ್ರಗಳ ಪದವಿ ಪಡೆದದ್ದು ಮೇಷ್ಟರಾದ ಮೇಲೆ, ಬಹುಮಟ್ಟಿಗೆ ಸ್ವಂತ ಓದಿನಿಂದ.

ಕಾರ್ಪೆಂತ್ರಾದಲ್ಲಿ ಒಂದು ಸ್ವಾರಸ್ಯಕರ ಘಟನೆ ನಡೆಯಿತು. ಭೂಮಾಪನದ ಪಾಠಕ್ಕಾಗಿ ಫಾಬ್ರೆ ಹುಡುಗರನ್ನು ಊರ ಹೊರಗಿನ ಕಲ್ಲುನೆಲಕ್ಕೆ ಕರೆದೊಯ್ಯುತ್ತಿದ್ದ. ಗೂಟ ನೆಡಲು ಕಳುಹಿಸಿದ ಹುಡುಗ ದಾರಿಯಲ್ಲಿ ನಿಲ್ಲುತ್ತಾನೆ, ಬಗ್ಗುತ್ತಾನೆ, ಏನನ್ನೋ ಹುಡುಕುತ್ತಾನೆ, ಗೂಟ ಮರೆತೇಹೋಗುತ್ತದೆ. ವಿಚಾರಿಸಿದಾಗ ಸಂಗತಿ ತಿಳಿಯಿತು. ಅಲ್ಲಿನ ಕಲ್ಲುಗಳ ಮೇಲೆ ಒಂದು ಜಾತಿಯ ಒಂಟಿ ಜೇನು ಮಣ್ಣಿನ ಗೂಡು ಕಟ್ಟುತ್ತಿತ್ತು. ಹುಡುಗರು ಗೂಡು ಒಡೆದು ಒಣಹುಲ್ಲಿನ ಕಡ್ಡಿಯಿಂದ ಜೇನು ಹೀರುತ್ತಿದ್ದರು! ಮೇಷ್ಟರೂ ಜೊತೆಗೂಡಿದರು. ಆ ಜೇನಿನ ಹೆಸರೇನು, ಅದರ ಜೀವನಕ್ರಮವೇನು ಎಂದು ತಿಳಿಯಲು ಫಾಬ್ರೆ ಕೀಟಗಳ ಬಗೆಗಿನ ಒಂದು ದೊಡ್ಡ ಗ್ರಂಥವನ್ನು ಕೊಂಡ. ಅದಕ್ಕೆ ತೆತ್ತದ್ದು ಸುಮಾರು ಒಂದು ತಿಂಗಳ ಸಂಬಳ.

ಮುಂದೆ ಕಾರ್ಸಿಕಾ ದ್ವೀಪದ ಅಜಾಕ್ಸಿಯೊದಲ್ಲಿ ಭೌತಶಾಸ್ತ್ರದ ಅಧ್ಯಾಪಕನಾಗಿದ್ದು, 1853ರಲ್ಲಿ ಆವಿನ್ಯೋನ್‌ಗೆ ಬಂದ. 1855ರಲ್ಲಿ ಆತನ ಮೊದಲ ಮುಖ್ಯ ಕೀಟ ಸಂಶೋಧನೆ ಪ್ರಕಟವಾಯಿತು. ಸೆರ್ಸೆರಿಸ್ ಎಂಬ ಕಣಜ ತನ್ನ ಮರಿಗಳ ಆಹಾರಕ್ಕೆಂದು ದುಂಬಿಗಳನ್ನು ಹಿಡಿದು ನೆಲದೊಳಗಿನ ಗೂಡಿನಲ್ಲಿಡುತ್ತದೆ. ಈ ದುಂಬಿಗಳು ಎಷ್ಟು ದಿನವಾದರೂ ಕೊಳೆಯುವುದಿಲ್ಲ. ಕಣಜ ಅವನ್ನು ಕೊಂದು, ಕೊಳೆಯದಂತೆ ಕಾಪಾಡುವ ಏನೋ ರಸವನ್ನು ಚುಚ್ಚುತ್ತದೆ ಎಂದು ಆ ಕಾಲದ ಹಿರಿಯ ಕೀಟವಿಜ್ಞಾನಿ ಲಿಯಾನ್ ಡ್ಯುಫೂರ್ ಭಾವಿಸಿದ್ದ. ಫಾಬ್ರೆ ಗೂಡುಗಳನ್ನು ತೋಡಿ ನೋಡಿದ. ದುಂಬಿ ಸತ್ತಿರಲಿಲ್ಲ! ಕುಟುಕಿನಿಂದ ಅದರ ಎದೆಭಾಗದ ನರಗಂಟುಗಳು ನಿಷ್ಕ್ರಿಯವಾಗಿ, ಅದು ಪಾರ್ಶ್ವವಾಯು ಬಡಿದಂತೆ ಬಿದ್ದಿತ್ತು ಅಷ್ಟೆ. ಸೂಜಿಯ ಮೊನೆಯಲ್ಲಿ ಒಂದು ಹನಿ ಅಮೋನಿಯವನ್ನು ಅದೇ ಜಾಗಕ್ಕೆ ಮುಟ್ಟಿಸಿ, ಅದೇ ಪರಿಣಾಮವನ್ನು ತಾನೂ ಪಡೆದು ತೋರಿಸಿದ. ನೋಡುವುದು, ಸಂದೇಹಪಡುವುದು, ಸರಳವಾದ ಪ್ರಯೋಗದಿಂದ ಪರೀಕ್ಷಿಸುವುದು, ಈ ಕ್ರಮ ಆತನಿಗೆ ಆಗಲೇ ಒಲಿದಿತ್ತು. ಇಲ್ಲದ್ದು ಬಿಡುವು ಮತ್ತು ಹಣ.

ಕೈಗೆ ಬಂದ ತುತ್ತು

ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕನಾಗುವ ಆಸೆ ಫಾಬ್ರೆಗಿತ್ತು. ಆದರೆ ಆ ಸ್ಥಾನಕ್ಕೆ ತಕ್ಕಂತೆ ಬದುಕಲು ಸಂಬಳ ಸಾಲದು, ಸ್ವಂತ ಆಸ್ತಿ ಬೇಕು ಎಂದು ಪರಿಚಿತ ಶಿಕ್ಷಣಾಧಿಕಾರಿಯೊಬ್ಬರು ತಿಳಿಹೇಳಿದರು. ಆಸ್ತಿ ಸಂಪಾದಿಸಲು ಆತ ಆರಿಸಿಕೊಂಡ ದಾರಿ ರಸಾಯನಶಾಸ್ತ್ರ.

ಆವಿನ್ಯೋನ್ ಸುತ್ತಮುತ್ತ ಆಗ ಮ್ಯಾಡರ್ ಗಿಡದ ಬೇಸಾಯ ದೊಡ್ಡ ಪ್ರಮಾಣದಲ್ಲಿತ್ತು. ಇದು ನಮ್ಮ ಮಂಜಿಷ್ಠದ ಹತ್ತಿರದ ಸಂಬಂಧಿ. ಎರಡೂ ರೂಬಿಯ ಕುಲಕ್ಕೆ ಸೇರಿದವು. (ಮಂಜಿಷ್ಠದ ಬೇರಿನಲ್ಲಿರುವ ಒಂದು ಬಣ್ಣದ ವಸ್ತುವಿಗೆ ರಸಾಯನಶಾಸ್ತ್ರದಲ್ಲಿ ಮಂಜಿಸ್ಟಿನ್ ಎಂದೇ ಹೆಸರು.) ಮ್ಯಾಡರ್ ಬೇರಿನ ಮುಖ್ಯ ವರ್ಣಕ ಅಲಿಜರಿನ್. ಪಟಿಕದ ನೆರವಿನಿಂದ ಅದು ಬಟ್ಟೆಗೆ ಕಚ್ಚಿಕೊಂಡು ಗಟ್ಟಿಯಾದ ಕೆಂಪು ಕೊಡುತ್ತದೆ. ಫ್ರೆಂಚ್ ಸೈನಿಕರ ಕೆಂಪು ಷರಾಯಿಗೆ ಬಳಸುತ್ತಿದ್ದದ್ದು ಇದೇ ಬಣ್ಣ. ಆದರೆ ಬೇರಿನ ಪುಡಿಯಲ್ಲಿ ಅಲಿಜರಿನ್ ಜೊತೆಗೆ ಬೇಡದ ವಸ್ತುಗಳು ಬೇಕಾದಷ್ಟಿರುತ್ತವೆ. ಶುದ್ಧವಾದ, ನೇರವಾಗಿ ಬಟ್ಟೆಗೆ ಬಳಸಬಹುದಾದ ವರ್ಣಕವನ್ನು ಪಡೆಯಲು ಫಾಬ್ರೆ ಶಾಲೆಯ ಪಾಠ ಮುಗಿಸಿ ಪ್ರತಿದಿನ ದುಡಿದ. ವಿಧಾನ ಸಿದ್ಧಿಸಿತು. ಪೇಟೆಂಟುಗಳೂ ದೊರೆತವು. ಕಾರ್ಖಾನೆಯವರೂ ಆಸಕ್ತಿ ತೋರಿಸಿದರು.

ಅಷ್ಟರಲ್ಲಿ ಜರ್ಮನಿಯಿಂದ ಸುದ್ದಿ ಬಂತು. 1868ರಲ್ಲಿ ಗ್ರೇಬೆ ಮತ್ತು ಲೀಬರ್ಮನ್ ಎಂಬ ರಸಾಯನ ವಿಜ್ಞಾನಿಗಳು ಕಲ್ಲಿದ್ದಲ ಟಾರಿನಿಂದ ಸಿಗುವ ಆಂಥ್ರಸೀನ್ ಎಂಬ ವಸ್ತುವಿನಿಂದ ಅಲಿಜರಿನ್ ತಯಾರಿಸಿದ್ದರು. ಸಸ್ಯದಲ್ಲಿರುವ ಒಂದು ವರ್ಣಕವನ್ನು ಮನುಷ್ಯ ಪ್ರಯೋಗಶಾಲೆಯಲ್ಲಿ ಕಟ್ಟಿದ್ದು ಇದೇ ಮೊದಲು. 1869ರ ಜೂನ್ ತಿಂಗಳಲ್ಲಿ ಅಗ್ಗದ ತಯಾರಿಕಾ ವಿಧಾನಕ್ಕೆ ಜರ್ಮನರೂ ಇಂಗ್ಲೆಂಡಿನ ವಿಲಿಯಂ ಪರ್ಕಿನ್ನನೂ ಒಂದೇ ದಿನದ ಅಂತರದಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದರು. ಕೆಲವೇ ವರ್ಷಗಳಲ್ಲಿ ಮ್ಯಾಡರ್ ಹೊಲಗಳು ಮಾಯವಾದವು. ಫಾಬ್ರೆಯ ಹತ್ತು ವರ್ಷದ ದುಡಿಮೆಯೂ ಅವುಗಳೊಂದಿಗೆ ಹೋಯಿತು. ಆತನ ರಸಾಯನ ತಪ್ಪಾಗಿರಲಿಲ್ಲ ಎಂಬುದನ್ನು ಗಮನಿಸಿ. ಆತ ಶುದ್ಧಗೊಳಿಸಿದ ಅಣುವನ್ನೇ ಬೇರೆಯವರು ಬೇರೆ ದಾರಿಯಿಂದ ಅಗ್ಗವಾಗಿ ಪಡೆದರು. ತಂತ್ರಜ್ಞಾನದ ಚರಿತ್ರೆಯಲ್ಲಿ ಇಂಥ ಸೋಲು ಅಪರೂಪವಲ್ಲ.

ಬಣ್ಣದ ಬಾನಿ ಕೈಕೊಟ್ಟ ಮೇಲೆ ತಾನು ಶಾಯಿ ಕುಡಿಕೆಯತ್ತ ತಿರುಗಬೇಕಾಯಿತು ಎಂಬ ಅರ್ಥದಲ್ಲಿ ಫಾಬ್ರೆ ಮುಂದೆ ಬರೆದುಕೊಂಡಿದ್ದಾನೆ.

ಒಂದು ಪಾಠಕ್ಕೆ ತೆತ್ತ ಬೆಲೆ

ಆ ಕಾಲದ ಫ್ರಾನ್ಸಿನ ಶಿಕ್ಷಣ ಮಂತ್ರಿ ವಿಕ್ಟರ್ ಡ್ಯುರೂಯಿ ಸುಧಾರಣಾವಾದಿ. ಹೆಣ್ಣುಮಕ್ಕಳಿಗೆ ಪ್ರೌಢಶಿಕ್ಷಣ ಸಿಗಬೇಕೆಂದು 1867ರಿಂದ ತರಗತಿಗಳನ್ನು ಆರಂಭಿಸಿದವರು. ಫಾಬ್ರೆಯ ಪ್ರಯೋಗಶಾಲೆಗೆ ಬಂದು, ಮ್ಯಾಡರ್ ಬಣ್ಣದಿಂದ ಕೆಂಪಾದ ಆತನ ಕೈಗಳನ್ನು ನೋಡಿ ಮೆಚ್ಚಿದವರು. ಅವರ ಪ್ರೋತ್ಸಾಹದಿಂದ ಫಾಬ್ರೆಗೆ 1868ರಲ್ಲಿ ಸರ್ಕಾರದ ಗೌರವ ಪದಕವೂ ದೊರೆಯಿತು. ಫಾಬ್ರೆ ಆವಿನ್ಯೋನ್‌ನಲ್ಲಿ ಸಾರ್ವಜನಿಕರಿಗೂ ಯುವತಿಯರಿಗೂ ಉಚಿತವಾಗಿ ವಿಜ್ಞಾನದ ಪಾಠ ಹೇಳತೊಡಗಿದ. ಗಾಳಿ, ನೀರು, ಮಿಂಚು, ಸಸ್ಯ, ಹೀಗೆ ದಿನಬಳಕೆಯ ವಿಷಯಗಳೇ ಪಾಠ. ಸಭಾಂಗಣ ತುಂಬುತ್ತಿತ್ತು.

ಹೂವಿನಲ್ಲಿ ಪರಾಗ ಹೇಗೆ ಬೀಜಕಟ್ಟಲು ಕಾರಣವಾಗುತ್ತದೆ ಎಂಬುದನ್ನು ಹುಡುಗಿಯರಿಗೆ ಹೇಳಿದ್ದು ದೊಡ್ಡ ಅಪರಾಧವಾಯಿತು. ಊರಿನ ಸಂಪ್ರದಾಯಸ್ಥರು, ಧರ್ಮಗುರುಗಳು ಆತನ ವಿರುದ್ಧ ನಿಂತರು. 1869ರಲ್ಲಿ ಡ್ಯುರೂಯಿ ಅಧಿಕಾರದಿಂದ ಇಳಿದರು, ರಕ್ಷಣೆ ತಪ್ಪಿತು. ಫಾಬ್ರೆ ಕೆಲಸ ಬಿಡಬೇಕಾಯಿತು. 28 ವರ್ಷ ಪಾಠ ಹೇಳಿದ್ದರೂ ನಿವೃತ್ತಿ ವೇತನವಿರಲಿಲ್ಲ. ಆತ ಬಾಡಿಗೆಗಿದ್ದ ಮನೆಯ ಒಡತಿಯರು ಇಬ್ಬರು ವಯಸ್ಸಾದ ದೈವಭಕ್ತೆಯರು. ಅವರು ಮನೆ ಬಿಡುವಂತೆ ಹೇಳಿದರು. ಲಿಖಿತ ಕರಾರಿರಲಿಲ್ಲ. ಜೊತೆಗೆ 1870ರ ಯುದ್ಧ. ಪ್ಯಾರಿಸ್ ಮುತ್ತಿಗೆಗೆ ಒಳಗಾಗಿದ್ದರಿಂದ, ಆಗಲೇ ಬರೆದಿದ್ದ ಕೆಲವು ಪಠ್ಯಪುಸ್ತಕಗಳ ಹಣವೂ ಪ್ರಕಾಶಕರಿಂದ ಬರಲಿಲ್ಲ.

ಆಗ ನೆರವಿಗೆ ಬಂದದ್ದು ಯಾರು ಗೊತ್ತೆ? ಇಂಗ್ಲೆಂಡಿನ ತತ್ತ್ವಜ್ಞಾನಿ ಜಾನ್ ಸ್ಟುವರ್ಟ್ ಮಿಲ್! ಪತ್ನಿ ಹ್ಯಾರಿಯೆಟ್ 1858ರಲ್ಲಿ ಆವಿನ್ಯೋನ್‌ನಲ್ಲಿ ತೀರಿಕೊಂಡ ಮೇಲೆ ಮಿಲ್ ಆಕೆಯ ಸಮಾಧಿಯ ಬಳಿಯೇ ಮನೆಮಾಡಿದ್ದರು. ಸಸ್ಯ ಸಂಗ್ರಹಣೆ ಅವರಿಗೆ ಪ್ರಿಯ ಹವ್ಯಾಸ. ಫಾಬ್ರೆಯೊಂದಿಗೆ ಬೆಟ್ಟಗುಡ್ಡ ಅಲೆದು ಗಿಡಗಳನ್ನು ಕಲೆಹಾಕುತ್ತಿದ್ದರು. ಗೆಳೆಯನ ಪತ್ರ ತಲುಪಿದಾಗ ಮಿಲ್ ಯಾವ ಆಧಾರವನ್ನೂ ಕೇಳದೆ 3000 ಫ್ರಾಂಕ್ ಸಾಲ ಕಳುಹಿಸಿದರು. ಫಾಬ್ರೆ ಸಂಸಾರ ಸಮೇತ ಆವಿನ್ಯೋನ್ ಬಿಟ್ಟು ಆರೆಂಜ್ ಎಂಬ ಪಟ್ಟಣಕ್ಕೆ ಹೋದ. ಪುಸ್ತಕಗಳ ಸಂಪಾದನೆಯಿಂದ ಆ ಸಾಲವನ್ನು ಪೂರ್ತಿ ತೀರಿಸಿದ.

ಪಾಲ್ ಮಾಮ ಮತ್ತು ಮಕ್ಕಳು

ಆರೆಂಜಿನಲ್ಲಿ ಕಳೆದ ವರ್ಷಗಳಲ್ಲಿ ಫಾಬ್ರೆ ಪ್ಯಾರಿಸ್ಸಿನ ದೆಲಾಗ್ರಾವ್ ಪ್ರಕಾಶನಕ್ಕಾಗಿ ಒಂದರ ಹಿಂದೆ ಒಂದರಂತೆ ಪುಸ್ತಕ ಬರೆದ. 1862ರಲ್ಲೇ ಕೃಷಿ ರಸಾಯನದ ಬಗ್ಗೆ ಒಂದು ಪುಟ್ಟ ಪುಸ್ತಕ ಬರೆದಿದ್ದ. ಮಕ್ಕಳಿಗಾಗಿ ಬರೆದ ವಿಜ್ಞಾನದ ಕಥೆಗಳ ಸಂಗ್ರಹ 1869ರಲ್ಲಿ ಬಂದಿತ್ತು. ಆದರೆ ಅವು ಬಿಡುವಿನ ಬರವಣಿಗೆ. ಈಗ ಅದೇ ಪೂರ್ಣಕಾಲದ ವೃತ್ತಿಯಾಯಿತು. ಬೆಳೆ ಹಾಳುಮಾಡುವ ಕೀಟಗಳು, ರೈತನಿಗೆ ನೆರವಾಗುವ ಪ್ರಾಣಿಗಳು, ಸಾಕುಪ್ರಾಣಿಗಳು, ಸಸ್ಯಗಳು, ಭೂಮಿ, ಆಕಾಶ, ರಸಾಯನ, ಆತ ಮುಟ್ಟದ ವಿಷಯ ಕಡಿಮೆ.

ಈ ಪುಸ್ತಕಗಳಲ್ಲಿ ಹಲವದರಲ್ಲಿ ಪಾಲ್ ಮಾಮ ಎಂಬ ಪಾತ್ರ ಬರುತ್ತದೆ. ಓದಿಕೊಂಡ, ಹಳ್ಳಿಯಲ್ಲಿ ನೆಲೆಸಿದ ಹಿರಿಯ. ಆತನ ಸುತ್ತ ಎಮಿಲ್, ಜೂಲ್, ಕ್ಲೇರ್ ಎಂಬ ಮಕ್ಕಳು. ಇವು ಫಾಬ್ರೆಯ ಸ್ವಂತ ಮಕ್ಕಳ ಹೆಸರುಗಳೇ. ಮಕ್ಕಳು ಕೇಳುತ್ತಾರೆ, ಪಾಲ್ ಮಾಮ ಹೇಳುತ್ತಾನೆ. ಹೇಳುವುದಕ್ಕಿಂತ ಮೊದಲು ತೋರಿಸುತ್ತಾನೆ ಎಂಬುದೇ ಮುಖ್ಯ.

1881ರಲ್ಲಿ ಪ್ರಕಟವಾದ ಪಾಲ್ ಮಾಮನ ರಸಾಯನಶಾಸ್ತ್ರದಿಂದ ಒಂದು ಉದಾಹರಣೆ ನೋಡಿ. ಮಿಶ್ರಣಕ್ಕೂ ಸಂಯುಕ್ತಕ್ಕೂ ಇರುವ ವ್ಯತ್ಯಾಸ ನಮ್ಮ ತರಗತಿಗಳಲ್ಲೂ ಬರುವ ಪಾಠವೇ. ಸಾಮಾನ್ಯವಾಗಿ ಎರಡು ವ್ಯಾಖ್ಯೆ ಬರೆಸಿ ಮುಂದೆ ಹೋಗುತ್ತೇವೆ. ಪಾಲ್ ಮಾಮ ವ್ಯಾಖ್ಯೆ ಹೇಳುವುದಿಲ್ಲ. ಗಂಧಕದ ಪುಡಿಯನ್ನೂ ಕಬ್ಬಿಣದ ಪುಡಿಯನ್ನೂ ಬೆರೆಸಿ ಮಕ್ಕಳ ಮುಂದಿಟ್ಟು, ಇವನ್ನು ಬೇರ್ಪಡಿಸಬಲ್ಲಿರಾ ಎಂದು ಕೇಳುತ್ತಾನೆ. ಒಂದೊಂದೇ ಕಣ ಹೆಕ್ಕಬಹುದು, ಆದರೆ ತಾಳ್ಮೆ ಬೇಕಲ್ಲ! ಆಮೇಲೆ ಅಯಸ್ಕಾಂತ ಬರುತ್ತದೆ. ಕಬ್ಬಿಣ ಅದಕ್ಕೆ ಅಂಟುತ್ತದೆ, ಗಂಧಕ ಉಳಿಯುತ್ತದೆ. ಮುಂದಿನ ಹಂತದಲ್ಲಿ ಅದೇ ಮಿಶ್ರಣಕ್ಕೆ ಸ್ವಲ್ಪ ನೀರು ಹಾಕಿ ಕಲಸಿಡುತ್ತಾನೆ. ಸ್ವಲ್ಪ ಹೊತ್ತಿನಲ್ಲಿ ಅದು ತಾನಾಗಿ ಬಿಸಿಯಾಗುತ್ತದೆ, ಆವಿ ಏಳುತ್ತದೆ, ಕಪ್ಪಾಗುತ್ತದೆ. ಈಗ ಅಯಸ್ಕಾಂತ ಹಿಡಿದರೆ ಕಬ್ಬಿಣ ಬರುವುದಿಲ್ಲ. ಹಳದಿ ಗಂಧಕವೂ ಕಾಣುವುದಿಲ್ಲ. ಎರಡೂ ಎಲ್ಲಿ ಹೋದವು? ಸಂಯುಕ್ತ ಎಂಬ ಪದ ಬರುವುದು ಈ ಪ್ರಶ್ನೆ ಎದ್ದ ಮೇಲೆ. (ಈ ಪ್ರಯೋಗವನ್ನು ನೀವು ಮಾಡುವುದಾದರೆ ಅಲ್ಪ ಪ್ರಮಾಣದಲ್ಲಿ, ತೆರೆದ ಪಾತ್ರೆಯಲ್ಲಿ, ಗಾಳಿಯಾಡುವ ಕಡೆ, ಶಿಕ್ಷಕರೇ ಮಾಡುವುದು ಲೇಸು.)

ಇನ್ನೊಂದು ಪಾಠ ಸುಟ್ಟ ಬ್ರೆಡ್ಡಿನದು. ಬ್ರೆಡ್ಡಿನ ತುಂಡನ್ನು ಕೆಂಡದ ಮೇಲೆ ಬಿಟ್ಟರೆ ಇದ್ದಿಲಾಗುತ್ತದೆ. ಈ ಇದ್ದಿಲು ಎಲ್ಲಿಂದ ಬಂತು? ಕೆಂಡದಿಂದಲೋ, ಬ್ರೆಡ್ಡಿನೊಳಗಿನಿಂದಲೋ? ಒಳಗೇ ಇದ್ದರೆ ಬ್ರೆಡ್ಡು ಬೆಳ್ಳಗೆ ಕಂಡದ್ದು ಹೇಗೆ? ಅಡುಗೆಮನೆಯ ಒಂದು ಸಣ್ಣ ಅನುಭವದಿಂದ ಇಂಗಾಲ ಎಂಬ ಧಾತುವಿನವರೆಗೆ ಮಗು ತಾನೇ ನಡೆದು ಬರುತ್ತದೆ. ನಮ್ಮ ಮನೆಯಲ್ಲಿ ಸೀದ ರೊಟ್ಟಿಯೂ ಇದೇ ಪಾಠ ಹೇಳಬಲ್ಲದು.

1873ರಲ್ಲಿ ಬಂದ, ರೈತನ ಸಹಾಯಕರನ್ನು ಕುರಿತ ಪುಸ್ತಕದಲ್ಲಿ ಬಾವಲಿ, ಗೂಬೆ, ನೆಲಗಪ್ಪೆಗಳೇ ನಾಯಕರು. ಇವು ಅಪಶಕುನದ, ಅಸಹ್ಯದ ಪ್ರಾಣಿಗಳೆಂದು ಹಳ್ಳಿಯ ಜನ ಕೊಲ್ಲುತ್ತಿದ್ದರು. ಫಾಬ್ರೆ ಅವು ಏನು ತಿನ್ನುತ್ತವೆ ಎಂಬುದರ ಕಡೆಗೆ ಗಮನ ಸೆಳೆದ. ಗೂಬೆಯ ಆಹಾರ ಇಲಿ. ಇಲಿಯ ಆಹಾರ ರೈತನ ಕಾಳು. ಮೂಢನಂಬಿಕೆಯನ್ನು ಬೈಯುವುದಕ್ಕಿಂತ ಲೆಕ್ಕ ಒಪ್ಪಿಸುವುದು ಹೆಚ್ಚು ಪರಿಣಾಮಕಾರಿ ಎಂದು ಆತನಿಗೆ ತಿಳಿದಿತ್ತು.

ಮಕ್ಕಳ ಪುಸ್ತಕ ಕೊಟ್ಟ ಎರಡು ವರ

ಈ ವರ್ಷಗಳನ್ನು ವಿಜ್ಞಾನಿಯೊಬ್ಬನ ವ್ಯರ್ಥಕಾಲ ಎನ್ನಬಹುದೆ? ಹಾಗೆ ಅನ್ನುವ ಮೊದಲು ಮುಂದಿನದನ್ನು ನೋಡಬೇಕು.

1877ರಲ್ಲಿ ಫಾಬ್ರೆಯ ಮಗ ಜೂಲ್ ಹದಿನಾರನೆಯ ವಯಸ್ಸಿನಲ್ಲಿ ತೀರಿಕೊಂಡ. ಹೂವು, ಕೀಟಗಳ ಹುಡುಕಾಟದಲ್ಲಿ ತಂದೆಗೆ ಜೊತೆಗಾರನಾಗಿದ್ದ ಹುಡುಗ. ಮೂರು ಜಾತಿಯ ಕಣಜಗಳಿಗೆ ಫಾಬ್ರೆ ಆತನ ಹೆಸರಿಟ್ಟ. ಎರಡು ವರ್ಷದ ನಂತರ ಆರೆಂಜಿನ ಮನೆಯ ಮುಂದಿನ ಮರಗಳ ಸಾಲನ್ನು ಮನೆಯ ಮಾಲೀಕ ಕಡಿಸಿಹಾಕಿದ. ಫಾಬ್ರೆ ಮತ್ತೆ ಬಾಡಿಗೆ ಮನೆ ಹುಡುಕಲಿಲ್ಲ. ಪುಸ್ತಕಗಳಿಂದ ಬಂದ ಹಣದಿಂದ ಸೆರಿನ್ಯಾನ್ ಎಂಬ ಹಳ್ಳಿಯಲ್ಲಿ ಸುಮಾರು ಒಂದು ಹೆಕ್ಟೇರ್ ಜಮೀನು, ಒಂದು ಮನೆ ಕೊಂಡ. ಕಲ್ಲು, ಮುಳ್ಳು ತುಂಬಿದ ಪಾಳುನೆಲ. ಅಲ್ಲಿನ ಆಡುಮಾತಿನಲ್ಲಿ ಇಂಥ ನೆಲಕ್ಕೆ ಹಾರ್ಮಾಸ್ ಎನ್ನುತ್ತಾರೆ. ರೈತನಿಗೆ ಬೇಡವಾದದ್ದು ಕಣಜ, ಜೇನುಗಳಿಗೆ ಸ್ವರ್ಗ. ಯಾರ ಅಪ್ಪಣೆಯೂ ಬೇಡದ ಬಯಲು ಪ್ರಯೋಗಶಾಲೆ ಹೀಗೆ ದೊರಕಿತು. ಇದು ಮೊದಲ ವರ.

ಎರಡನೆಯದು ಭಾಷೆ. ಅದೇ 1879ರಲ್ಲಿ ಆತನ ಕೀಟ ಸ್ಮರಣೆಗಳ ಮೊದಲ ಸಂಪುಟ ಬಂತು. ಹತ್ತನೆಯದು ಬಂದದ್ದು 1907ರಲ್ಲಿ, ಆತನಿಗೆ 83 ವರ್ಷವಾದಾಗ. ಈ ಸಂಪುಟಗಳನ್ನು ಓದಿದರೆ ಪಾಲ್ ಮಾಮನ ಗುರುತು ಎಲ್ಲೆಡೆ ಸಿಗುತ್ತದೆ. ಮೊದಲು ಕಂಡದ್ದು, ಆಮೇಲೆ ಪ್ರಶ್ನೆ, ಆಮೇಲೆ ಪ್ರಯೋಗ, ಕೊನೆಗೆ ತೀರ್ಮಾನ. ಪಾರಿಭಾಷಿಕ ಪದ ಅನಿವಾರ್ಯವಾದಾಗ ಮಾತ್ರ. ಇದು ವಿದ್ವಾಂಸರ ಗಂಭೀರ ಭಾಷೆಯಲ್ಲ ಎಂದು ಕೆಲವರು ಮೂಗು ಮುರಿದರು. ತಾನು ಪಂಡಿತರಿಗಾಗಿ ಬರೆಯುವಷ್ಟೇ ಎಳೆಯರಿಗಾಗಿಯೂ ಬರೆಯುತ್ತೇನೆ, ಅವರಿಗೆ ಜೀವಶಾಸ್ತ್ರದ ಮೇಲೆ ಪ್ರೀತಿ ಹುಟ್ಟಬೇಕು ಎಂಬುದು ಫಾಬ್ರೆಯ ಉತ್ತರದ ಸಾರ. 1855ರ ಫಾಬ್ರೆ ಒಳ್ಳೆಯ ವೀಕ್ಷಕ. 1879ರ ಫಾಬ್ರೆ ತಾನು ಕಂಡದ್ದನ್ನು ಬೇರೆಯವರಿಗೂ ಕಾಣಿಸಬಲ್ಲವ. ನಡುವೆ ಇದ್ದದ್ದು ಮಕ್ಕಳಿಗಾಗಿ ಬರೆದ ಸಾವಿರಾರು ಪುಟಗಳ ಅಭ್ಯಾಸ. ಮಗುವಿಗೆ ಬರೆಯುವಾಗ ಅರ್ಥವಾಗದ ಪದದ ಹಿಂದೆ ಅಡಗಿಕೊಳ್ಳಲು ಬರುವುದಿಲ್ಲ. ನಮಗೇ ಸರಿಯಾಗಿ ತಿಳಿಯದ ಜಾಗ ಎಲ್ಲಿದೆ ಎಂಬುದು ಅಲ್ಲಿ ತಟ್ಟನೆ ಹೊರಬೀಳುತ್ತದೆ.

ಮಿತಿಗಳೂ ಇದ್ದವು

ಫಾಬ್ರೆಯನ್ನು ಪೂಜಿಸಬೇಕಾಗಿಲ್ಲ. ಡಾರ್ವಿನ್ ಆತನನ್ನು ಅನುಪಮ ವೀಕ್ಷಕನೆಂದು ಕರೆದಿದ್ದರು. ಜೇನುಗಳು ದೂರದಿಂದ ಗೂಡಿಗೆ ಮರಳುವುದು ಹೇಗೆ ಎಂದು ತಿಳಿಯಲು, ಅವನ್ನು ಪೆಟ್ಟಿಗೆಯಲ್ಲಿಟ್ಟು ಗರಗರ ತಿರುಗಿಸಿ ಬಿಟ್ಟು ನೋಡಿ ಎಂದು ಪತ್ರದಲ್ಲಿ ಸೂಚಿಸಿದ್ದರು. ಫಾಬ್ರೆ ಹಾಗೆಯೇ ಮಾಡಿದ. ತಿರುಗಿಸಿದ ಜೇನುಗಳೂ ಮನೆಗೆ ಮರಳಿದವು! ಇಷ್ಟು ಸ್ನೇಹವಿದ್ದರೂ ಡಾರ್ವಿನ್ನರ ವಿಕಾಸವಾದವನ್ನು ಫಾಬ್ರೆ ಕೊನೆಯವರೆಗೂ ಒಪ್ಪಲಿಲ್ಲ. ಕೀಟದ ಹುಟ್ಟುಗುಣ ಬದಲಾಗದ್ದು, ದೋಷವಿಲ್ಲದ್ದು ಎಂದು ನಂಬಿದ. ಕಣಜದ ಕುಟುಕು ಪ್ರತಿಸಲವೂ ಶಸ್ತ್ರವೈದ್ಯನಷ್ಟು ನಿಖರವಲ್ಲ, ಅದರಲ್ಲಿ ವ್ಯತ್ಯಾಸಗಳುಂಟು ಎಂಬುದನ್ನು 1898ರಲ್ಲಿ ಅಮೆರಿಕದ ಪೆಕಮ್ ದಂಪತಿಗಳು ತೋರಿಸಿದರು. ಆ ವ್ಯತ್ಯಾಸಗಳೇ ತಾನೆ ವಿಕಾಸಕ್ಕೆ ಕಚ್ಚಾ ಸಾಮಗ್ರಿ? ಸೊಗಸಾಗಿ ಹೇಳಿದ ಮಾತ್ರಕ್ಕೆ ಎಲ್ಲವೂ ಸರಿಯಾಗಿರುವುದಿಲ್ಲ. ಮಕ್ಕಳಿಗೆ ಬರೆಯುವವರು ಇದನ್ನು ಇನ್ನೂ ಹೆಚ್ಚು ನೆನಪಿನಲ್ಲಿಡಬೇಕು, ಏಕೆಂದರೆ ಎಳೆಯ ಓದುಗ ಬರೆದವನನ್ನು ಪೂರ್ತಿ ನಂಬುತ್ತಾನೆ.

ಇನ್ನೊಂದು ಕಹಿ ಸತ್ಯವೂ ಇದೆ. ಪಠ್ಯಪುಸ್ತಕದ ಮಾರುಕಟ್ಟೆ ಸ್ಥಿರವಲ್ಲ. ಕಾಲ ಕಳೆದಂತೆ ಶಾಲೆಗಳಲ್ಲಿ ಫಾಬ್ರೆಯ ಪುಸ್ತಕಗಳ ಜಾಗಕ್ಕೆ ಬೇರೆಯವು ಬಂದವು. ಮುಪ್ಪಿನಲ್ಲಿ ಆತ ಮತ್ತೆ ಬಡತನ ಕಂಡ. 1910ರಲ್ಲಿ ಅಭಿಮಾನಿಗಳು ಸೆರಿನ್ಯಾನಿನಲ್ಲಿ ಆತನಿಗೆ ಸನ್ಮಾನ ಏರ್ಪಡಿಸಿದ ಮೇಲೆ ದೇಶದ ಗಮನ ಅತ್ತ ಹರಿಯಿತು. 1913ರಲ್ಲಿ ರಾಷ್ಟ್ರಾಧ್ಯಕ್ಷ ಪ್ವಾಂಕರೆ ಅವರೇ ಹಳ್ಳಿಗೆ ಬಂದು ಕಂಡುಹೋದರು. 1915ರ ಅಕ್ಟೋಬರ್ 11ರಂದು, 91ನೆಯ ವಯಸ್ಸಿನಲ್ಲಿ ಫಾಬ್ರೆ ನಿಧನನಾದ. ಪಾಲ್ ಮಾಮನ ಪುಸ್ತಕಗಳು ಮುಂದೆ ಇಂಗ್ಲಿಷಿಗೆ ಬಂದವು. ಕೀಟ ಸ್ಮರಣೆಗಳನ್ನು ಒಸುಗಿ ಸಕಾಎ 1922ರಲ್ಲಿ ಜಪಾನಿ ಭಾಷೆಗೆ ತರಲಾರಂಭಿಸಿದ ಮೇಲೆ ಆ ದೇಶದ ಮಕ್ಕಳಿಗೆ ಫಾಬ್ರೆ ಮನೆಮಾತಾದ.

ಶಿಕ್ಷಕ ಮಿತ್ರರೇ, ನಿಮ್ಮಲ್ಲಿ ಹಲವರು ಇಪ್ಪತ್ತು, ಮೂವತ್ತು ವರ್ಷ ಪಾಠ ಹೇಳಿದವರಿದ್ದೀರಿ. ಯಾವ ಪಾಠಕ್ಕೆ ಮಕ್ಕಳ ಕಣ್ಣು ಅರಳುತ್ತದೆ, ಯಾವ ಸಾಲಿನಲ್ಲಿ ಮುಖ ಬಾಡುತ್ತದೆ ಎಂಬುದು ನಿಮಗೆ ತಿಳಿದಷ್ಟು ಬೇರೆ ಯಾರಿಗೂ ತಿಳಿಯದು. ಬರೆಯಲು ಬೇಕಾದ ಬಂಡವಾಳ ಅದೇ. ಫಾಬ್ರೆಯೂ 47ರಲ್ಲಿ ಹೊಸದಾಗಿ ಏನನ್ನೂ ಕಲಿಯಲಿಲ್ಲ; ತರಗತಿಯಲ್ಲಿ 28 ವರ್ಷ ಬಾಯಲ್ಲಿ ಹೇಳಿದ್ದನ್ನು ಕಾಗದಕ್ಕೆ ಇಳಿಸಿದ. ನಿಮ್ಮೂರಿನ ಕೆರೆಯ ಏಡಿ, ಗದ್ದೆಯ ಬದುವಿನ ಕಣಜ, ಒಲೆಯ ಬೂದಿ, ಬಾವಿಯ ಗಡಸು ನೀರು, ಇವನ್ನು ಕುರಿತು ನಿಮ್ಮ ಊರಿನ ಮಕ್ಕಳಿಗಾಗಿ ಯಾರೂ ಇನ್ನೂ ಬರೆದಿಲ್ಲದಿರಬಹುದು. ವಿದ್ಯಾರ್ಥಿಗಳೇ, ನೀವು ಮುಂದೆ ಸಂಶೋಧಕರಾಗುವವರಾದರೆ ಒಂದು ಪರೀಕ್ಷೆಯನ್ನು ಈಗಲೇ ಆರಂಭಿಸಿ. ಇಂದು ಕಲಿತ ಒಂದು ವಿಷಯವನ್ನು ಐದನೆಯ ತರಗತಿಯ ಮಗುವಿಗೆ ತಿಳಿಯುವಂತೆ ಒಂದು ಪುಟ ಬರೆದು, ಆ ಮಗುವಿಗೇ ಓದಲು ಕೊಡಿ. ಅದು ಎಲ್ಲಿ ನಿಂತು ಪ್ರಶ್ನೆ ಕೇಳುತ್ತದೋ, ನೀವು ಮತ್ತೊಮ್ಮೆ ಓದಬೇಕಾದ ಪಾಠ ಅಲ್ಲಿದೆ.